ಸೊಂಟ ಮಾತ್ರ 1842ರದ್ದು

ನಮ್ಮೂರಿನ ಹವ್ಯಾಸಿ ನಾಟಕ ತಂಡಕ್ಕೆ ಬಟ್ಟೆ ಹೊಲಿಯುವವಳು ನಾನು. ಹಾಗಾಗಿ ಹಳೆಯ ಚಿತ್ರ ಯಾವುದಾದರೂ ಸಿಕ್ಕರೆ ಮುಖಕ್ಕಿಂತ ಮೊದಲು ಹೊಲಿಗೆ ನೋಡುತ್ತೇನೆ. ತೋಳು ಎಲ್ಲಿ ಕೂತಿದೆ, ನೆರಿಗೆ ಎಲ್ಲಿಂದ ಶುರುವಾಗುತ್ತೆ, ಅಂಚು ಮಡಚಿದ್ದಾರಾ ಅಥವಾ ಬೇರೆ ಪಟ್ಟಿ ಕೊಟ್ಟಿದ್ದಾರಾ. ಒಂದು ರಾಜನ ನಿಲುವಂಗಿಗೆ ತುಪ್ಪಳದ ಅಂಚು ಕೂರಿಸಬೇಕಿತ್ತು. ಅದಕ್ಕೆ ಮಾದರಿ ಹುಡುಕುತ್ತಿದ್ದಾಗ ಎಡ್ವಿನ್ ಲ್ಯಾಂಡ್‌ಸಿಯರ್ ಬರೆದ ಒಂದು ವರ್ಣಚಿತ್ರ ಸಿಕ್ಕಿತು. ಪರದೆಯ ಮೇಲೆ ದೊಡ್ಡದು ಮಾಡುತ್ತಾ ಹೋದೆ. ರಾಣಿಯ ಸೊಂಟದ ಹತ್ತಿರ ಬಂದಾಗ ಕೈ ನಿಂತಿತು.

ಚಿತ್ರದಲ್ಲಿರುವವರು ವಿಕ್ಟೋರಿಯಾ ರಾಣಿ ಮತ್ತು ಅವಳ ಗಂಡ ಆಲ್ಬರ್ಟ್. 1842ರ ಮೇ 12ರಂದು ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಒಂದು ವೇಷದ ನೃತ್ಯಕೂಟ ನಡೆಯಿತು. ಎರಡು ಸಾವಿರಕ್ಕೂ ಹೆಚ್ಚು ಅತಿಥಿಗಳು. ಆಲ್ಬರ್ಟ್ ಅವತ್ತು 14ನೇ ಶತಮಾನದ ದೊರೆ ಮೂರನೇ ಎಡ್ವರ್ಡ್. ವಿಕ್ಟೋರಿಯಾ ಆ ದೊರೆಯ ಹೆಂಡತಿ ಫಿಲಿಪ್ಪಾ. ಆ ರಾಜಮನೆತನದ ಹೆಸರಿನಿಂದಲೇ ಅದನ್ನು ಪ್ಲಾಂಟಾಜೆನೆಟ್ ನೃತ್ಯಕೂಟ ಅಂತ ಕರೆಯುತ್ತಾರೆ.

ಉಡುಪಿನ ಉಸ್ತುವಾರಿ ಜೇಮ್ಸ್ ರಾಬಿನ್ಸನ್ ಪ್ಲಾಂಶೆ ಅನ್ನುವವನದು. ನಾಟಕಕಾರ. ರಂಗದ ಬಟ್ಟೆ ಅವನಿಗೆ ಚೆನ್ನಾಗಿ ಗೊತ್ತಿತ್ತು. 1834ರಲ್ಲೇ ಬ್ರಿಟಿಷ್ ಉಡುಪಿನ ಚರಿತ್ರೆಯನ್ನು ಪುಸ್ತಕವಾಗಿ ಬರೆದಿದ್ದ. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಎಡ್ವರ್ಡ್ ಮತ್ತು ಫಿಲಿಪ್ಪಾರ ಸಮಾಧಿಗಳಿವೆ. ಮೇಲೆ ಅವರ ಮಲಗಿರುವ ಪ್ರತಿಮೆಗಳಿವೆ. ಅವುಗಳನ್ನು ನೋಡಿಯೇ ಈ ವೇಷಗಳಿಗೆ ರೂಪ ಕೊಟ್ಟರು. ಇದನ್ನು ಓದಿ ನನಗೆ ತುಂಬಾ ಹತ್ತಿರದವನು ಸಿಕ್ಕ ಹಾಗಾಯಿತು. ನಾವೂ ಹೊಯ್ಸಳರ ಕಾಲದ ನಾಟಕ ಅಂದರೆ ಬೇಲೂರಿಗೆ ಹೋಗಿ ಮದನಿಕೆಯರ ಒಡವೆ, ನಡುಪಟ್ಟಿ ನೋಡಿಕೊಂಡು ಬರುತ್ತೇವೆ.

ಆದರೆ ಸೊಂಟ. ಮೇಲುಹೊದಿಕೆ ಹಳೆಯ ಕಾಲದ್ದು, ಕಿರೀಟ ಹಳೆಯ ಕಾಲದ್ದು. ನಡುವಿನ ಬಿಗಿ ಮಾತ್ರ ಆ ವರ್ಷದ್ದೇ. ಕಾರ್ಸೆಟ್ ಕಟ್ಟಿದ ಸೊಂಟ, ಅದರ ಕೆಳಗೆ ಪೆಟಿಕೋಟುಗಳ ಮೇಲೆ ಉಬ್ಬಿ ನಿಂತ ಲಂಗ. ಹೊಲಿಯುವವರಿಗೆ ಇದು ಮೊದಲ ನೋಟಕ್ಕೇ ತಿಳಿಯುತ್ತೆ. ನಮ್ಮ ನಾಟಕದ ಫೋಟೊಗಳಲ್ಲೂ ಹೀಗೇ. ಶಾಂತಲೆ ಯಾವ ವರ್ಷದ ಶಾಂತಲೆ ಅಂತ ಬ್ಲೌಸಿನ ಕಟ್ಟು ನೋಡಿ ಹೇಳಬಹುದು.

ಅವತ್ತಿಂದ ಈ ವೇಷದ ಕೂಟಗಳ ಬಗ್ಗೆ ಓದುತ್ತಾ ಇದ್ದೇನೆ. ಸೊಂಟದ ಹಾಗೆಯೇ ಬೇರೆ ಏನೆಲ್ಲ 1842ರದ್ದು ಆ ಬಟ್ಟೆಯೊಳಗೆ ಸೇರಿಕೊಂಡಿದೆ ಅನ್ನುವುದು ನನ್ನ ಪ್ರಶ್ನೆ.

ಮೊದಲು ಆಲ್ಬರ್ಟನನ್ನೇ ನೋಡಿ. 1840ರಲ್ಲಿ ಮದುವೆಯಾಗಿ ಬಂದ ಜರ್ಮನ್ ರಾಜಕುಮಾರ. ವರ್ಷಕ್ಕೆ 50,000 ಪೌಂಡ್ ಕೊಡಬೇಕು ಅಂತ ಸರ್ಕಾರ ಕೇಳಿತ್ತು. ಪಾರ್ಲಿಮೆಂಟ್ ಅದನ್ನು 30,000ಕ್ಕೆ ಇಳಿಸಿತು. ಗಂಡನಿಗೆ ರಾಜನ ಪಟ್ಟ ಸಿಗಬೇಕು ಅಂತ ವಿಕ್ಟೋರಿಯಾಗೆ ಆಸೆ ಇತ್ತು. ಆಗಲಿಲ್ಲ. ಪ್ರಿನ್ಸ್ ಕನ್ಸಾರ್ಟ್ ಅನ್ನುವ ಬಿರುದು ಕೂಡ ಸಿಕ್ಕಿದ್ದು 1857ರಲ್ಲಿ, ಮದುವೆಯಾಗಿ 17 ವರ್ಷದ ಮೇಲೆ. ಇಂಥವನು ಆ ರಾತ್ರಿ ತಲೆಯ ಮೇಲೆ ಕಿರೀಟ ಇಟ್ಟುಕೊಂಡು ಸಿಂಹಾಸನದ ಮುಂದೆ ನಿಂತ. ಅದೂ ಯಾವ ರಾಜ? ಫ್ರಾನ್ಸಿನ ಸಿಂಹಾಸನವೂ ನನ್ನದೇ ಅಂದವನು. 1348ರಲ್ಲಿ ಗಾರ್ಟರ್ ಅನ್ನುವ, ವೀರಯೋಧರಿಗೆ ಕೊಡುವ ಪದವಿಯನ್ನು ಶುರು ಮಾಡಿದವನು. ನಿಜವಾಗಿ ಆಳುತ್ತಿದ್ದ ಹೆಂಡತಿ ಅವನ ಪಕ್ಕದಲ್ಲಿ ಬರೀ ರಾಜನ ಹೆಂಡತಿಯಾಗಿ ನಿಂತಳು. ಫಿಲಿಪ್ಪಾ ಬೇರೆ ದೇಶದಿಂದ ಮದುವೆಯಾಗಿ ಬಂದವಳು, ಇಂಗ್ಲೆಂಡಿನ ಜನರ ಪ್ರೀತಿ ಗಳಿಸಿದವಳು. ಹೊರಗಿನಿಂದ ಬಂದವರ ಪಾತ್ರವನ್ನು ರಾಣಿ ತಾನು ತೊಟ್ಟು, ಮನೆಯವರ ಪಾತ್ರವನ್ನು ಗಂಡನಿಗೆ ಕೊಟ್ಟಳು. ನನಗೆ ಇದು ಸುಮ್ನೆ ಆದದ್ದು ಅನಿಸುವುದಿಲ್ಲ. 22 ವರ್ಷದ ಹೆಂಗಸೊಬ್ಬಳು ಗಂಡನ ಪರವಾಗಿ ಬಟ್ಟೆಯಲ್ಲಿ ಆಡಿದ ಮಾತು ಅದು.

ಎರಡನೆಯದು ಬಟ್ಟೆಯದೇ ಕಥೆ. ಕೂಟದ ಉದ್ದೇಶ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ರೇಷ್ಮೆ ನೇಕಾರರಿಗೆ ಕೆಲಸ ಕೊಡುವುದು ಅಂತ ಅರಮನೆಯೇ ಹೇಳಿತ್ತು. ಈ ನೇಕಾರರಲ್ಲಿ ಹಲವರು ಫ್ರಾನ್ಸಿನಲ್ಲಿ ಧರ್ಮದ ಕಾರಣಕ್ಕೆ ಹಿಂಸೆಗೆ ಸಿಕ್ಕಿ ಓಡಿಬಂದ ಹ್ಯೂಗನಾಟ್ ಪ್ರಾಟೆಸ್ಟೆಂಟರ ವಂಶದವರು. 1773ರಿಂದ ಅವರ ಕೂಲಿಯನ್ನು ಕಾಯುವ ಕಾನೂನು ಇತ್ತು. 1824ರಲ್ಲಿ ಅದನ್ನು ತೆಗೆದುಹಾಕಿದರು. 1826ರಿಂದ ಫ್ರಾನ್ಸಿನ ರೇಷ್ಮೆಯನ್ನು ಒಳಗೆ ಬಿಟ್ಟರು. ಎರಡು ಏಟು, ಎರಡೇ ವರ್ಷದಲ್ಲಿ. ಮಗ್ಗಗಳು ಒಂದೊಂದಾಗಿ ನಿಂತವು. ಫಿಲಿಪ್ಪಾ ಈಗಿನ ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ನೇಕಾರರನ್ನು ಇಂಗ್ಲೆಂಡಿಗೆ ಕರೆಸಿ ನೆಲೆ ಕೊಟ್ಟಳು ಅನ್ನುವ ಕಥೆ ಅಲ್ಲಿ ಹಳೆಯದು. ಹಾಗಾಗಿ ನೇಕಾರರ ರಾಣಿಯ ವೇಷ, ನೇಕಾರರು ನೇಯ್ದ ರೇಷ್ಮೆಯಲ್ಲಿ. ಲೆಕ್ಕ ಕೂಡಿಬಂತು.

ನೇಕಾರರಿಗೆ ಕೂಡಿಬಂತಾ? ಕೆಲವು ವಾರ ಮಗ್ಗ ಆಡಿದ್ದು ನಿಜ. ಎರಡು ಸಾವಿರ ಜನರಿಗೆ ವೇಷ ಆಗಬೇಕಲ್ಲ. ಆದರೆ ಒಂದು ರಾತ್ರಿಯ ಬೇಡಿಕೆಯಿಂದ ಒಂದು ಕಸುಬು ಬದುಕುವುದಿಲ್ಲ. 1860ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ವ್ಯಾಪಾರ ಒಪ್ಪಂದ ಮಾಡಿಕೊಂಡವು. ಫ್ರೆಂಚ್ ರೇಷ್ಮೆಯ ಮೇಲಿನ ಸುಂಕ ಪೂರ್ತಿ ಹೋಯಿತು. ಸ್ಪಿಟಲ್‌ಫೀಲ್ಡ್ಸ್ ಆಮೇಲೆ ಏಳಲಿಲ್ಲ. ಕಾನೂನು ಕಿತ್ತುಕೊಂಡದ್ದನ್ನು ದಾನ ತುಂಬಿಕೊಡಲಿಲ್ಲ.

ಮೂರನೆಯದನ್ನು ಹೇಳುವಾಗ ನನಗೆ ಈಗಲೂ ಮನಸ್ಸು ಭಾರವಾಗುತ್ತೆ. ಕೂಟಕ್ಕೆ ಹತ್ತು ದಿನ ಮೊದಲು, ಮೇ 2ರಂದು, ಚಾರ್ಟಿಸ್ಟ್ ಚಳವಳಿಯವರು ಪಾರ್ಲಿಮೆಂಟಿಗೆ ಒಂದು ಮನವಿ ತಂದರು. ಎಲ್ಲ ಗಂಡಸರಿಗೂ ಮತದಾನದ ಹಕ್ಕು ಕೊಡಿ ಅನ್ನುವುದು ಅದರ ತಿರುಳು. 33 ಲಕ್ಷಕ್ಕೂ ಹೆಚ್ಚು ಸಹಿಗಳು. ಕಾಗದದ ಸುರುಳಿ ಎಷ್ಟು ದೊಡ್ಡದಿತ್ತು ಅಂದರೆ ಸದನದ ಬಾಗಿಲಲ್ಲಿ ಹಿಡಿಸಲಿಲ್ಲ. ಬಿಡಿಸಿ, ತುಂಡು ಮಾಡಿ ಒಳಗೆ ಸಾಗಿಸಿ ನೆಲದ ಮೇಲೆ ರಾಶಿ ಹಾಕಿದರು. ಆ ಮನವಿಯಲ್ಲಿ ಒಂದು ಲೆಕ್ಕ ಇದೆ. ರಾಣಿಯ ಸ್ವಂತ ಖರ್ಚಿಗೆ ದಿನಕ್ಕೆ 164 ಪೌಂಡ್ 17 ಶಿಲಿಂಗ್ 10 ಪೆನ್ಸ್. ಸಾವಿರಾರು ಕೂಲಿ ಕುಟುಂಬಗಳಲ್ಲಿ ತಲೆಗೆ ದಿನಕ್ಕೆ ಮೂರೂ ಮುಕ್ಕಾಲು ಪೆನ್ಸ್. ಮಾರನೆಯ ದಿನ ಸದನ ಆ ಮನವಿಯನ್ನು 287ಕ್ಕೆ 49 ಮತಗಳಿಂದ ತಳ್ಳಿಹಾಕಿತು. ಅದೇ ವರ್ಷ ಜನವರಿಯಲ್ಲಿ ಕಾಬೂಲಿನಿಂದ ಹಿಂದಿರುಗುತ್ತಿದ್ದ ಬ್ರಿಟಿಷ್ ಪಡೆ ಹಿಮದಲ್ಲಿ ನಾಶವಾಗಿತ್ತು. ಸುಮಾರು 16,000 ಜನ ಹೊರಟಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ಕಡೆಯ ಸಿಪಾಯಿಗಳು, ಅವರ ಜೊತೆ ಹೊರಟ ಹೆಂಗಸರು ಮಕ್ಕಳು, ಸಾಮಾನು ಹೊರುವವರು.

ಈ ಸುದ್ದಿಗಳ ನಡುವೆ, ಯುದ್ಧ ಗೆದ್ದ ರಾಜ, ಬಡವರ ಮೇಲೆ ಕರುಣೆಯ ರಾಣಿ. ಆ ವೇಷವನ್ನು ಆ ವರ್ಷವೇ ಆರಿಸಿತು ಅನಿಸುತ್ತೆ ನನಗೆ.

ಇದಕ್ಕೂ ಮೂರು ವರ್ಷ ಹಿಂದೆ ಸ್ಕಾಟ್ಲೆಂಡಿನಲ್ಲಿ ಇನ್ನೊಂದು ದೊಡ್ಡ ವೇಷ ನಡೆದಿತ್ತು. ಅದರ ಹಿಂದಿನ ರಾಜಕೀಯ ಇನ್ನೂ ನೇರ. 1838ರಲ್ಲಿ ವಿಕ್ಟೋರಿಯಾಳ ಪಟ್ಟಾಭಿಷೇಕ. ಆಗ ಇದ್ದದ್ದು ಸುಧಾರಣೆಯ ಪರವಾದ ವಿಗ್ ಪಕ್ಷದ ಸರ್ಕಾರ. ನಾಲ್ಕನೇ ಜಾರ್ಜನ ಪಟ್ಟಾಭಿಷೇಕಕ್ಕೆ ಸುಮಾರು 2,40,000 ಪೌಂಡ್ ಸುರಿದಿದ್ದರು. ವಿಗ್ಗರು ಅದನ್ನು 70,000ಕ್ಕೆ ಇಳಿಸಿದರು. ಹಳೆಯ ಔತಣ ಇಲ್ಲ. ರಕ್ಷಾಕವಚ ತೊಟ್ಟ ಯೋಧ ಕುದುರೆ ಏರಿ ಸವಾಲು ಹಾಕುವ ಪದ್ಧತಿಯೂ ಇಲ್ಲ. ಎದುರು ಪಕ್ಷವಾದ ಟೋರಿಗಳ ಜಮೀನ್ದಾರರಿಗೆ ಸಿಟ್ಟು ಬಂತು. 1832ರ ಚುನಾವಣಾ ಸುಧಾರಣೆಯ ಕಾನೂನು ಅವರ ಹಿಡಿತವನ್ನು ಆಗಲೇ ಸಡಿಲ ಮಾಡಿತ್ತು. ಈಗ ಅವರ ಹಬ್ಬವೂ ಹೋಯಿತು.

ಎಗ್ಲಿಂಟನ್ನಿನ ಯುವ ಅರ್ಲ್ ತನ್ನ ಜಮೀನಿನಲ್ಲೇ ಮಧ್ಯಯುಗದ ಕಾಳಗದ ಪಂದ್ಯ ಏರ್ಪಡಿಸಿದ. 1839ರ ಆಗಸ್ಟ್ 28. ಲಂಡನ್ನಿನ ವ್ಯಾಪಾರಿ ಸ್ಯಾಮ್ಯುಯೆಲ್ ಪ್ರ್ಯಾಟ್ ಕಬ್ಬಿಣದ ಕವಚಗಳನ್ನು ಒದಗಿಸಿದ. ಮುಂದೆ ಫ್ರಾನ್ಸಿನ ಚಕ್ರವರ್ತಿಯಾದ ಲೂಯಿ ನೆಪೋಲಿಯನ್ ಕೂಡ ಬಂದಿದ್ದ. ನೋಡಲು ಸುಮಾರು ಒಂದು ಲಕ್ಷ ಜನ, ರೈಲು, ಹಡಗು, ಗಾಡಿ ಹಿಡಿದು. ಅಷ್ಟರಲ್ಲಿ ಮಳೆ. ಆ ಸೀಮೆಯ ಮಳೆಯೂ ನಮ್ಮ ಆಗುಂಬೆಯ ಮಳೆಯ ಹಾಗೇ, ಕೇಳಿಕೊಂಡು ಬರುವುದಲ್ಲ. ಮೆರವಣಿಗೆ ಗಂಟೆಗಟ್ಟಲೆ ತಡವಾಯಿತು. ಗಣ್ಯರು ಕೂತ ಅಟ್ಟಣೆಯ ಚಾವಣಿ ಸೋರಿತು. ಪಂದ್ಯದ ರಾಜನಾಗಿದ್ದ ಲಂಡನ್‌ಡೆರಿಯ ಮಾರ್ಕ್ವಿಸ್ ತನ್ನ ರಾಜವೇಷದ ಮೇಲೆ ಕೊಡೆ ಬಿಚ್ಚಿದ. ಪತ್ರಿಕೆಗಳು ಅದನ್ನು ವರ್ಷಗಟ್ಟಲೆ ಬಿಡಲಿಲ್ಲ. ನನಗೆ ಆ ಕೊಡೆ ನೋಡಿ ನಗು ಬರುವುದಿಲ್ಲ. ನಾಟಕದ ದಿನ ಮಳೆಯಲ್ಲಿ ವೆಲ್ವೆಟ್ ಒದ್ದೆಯಾದರೆ ಎಷ್ಟು ಭಾರ ಅಂತ ನನಗೆ ಗೊತ್ತು. ಒಣಗಿದ ಮೇಲೂ ಅದರ ಹೊಳಪು ವಾಪಸ್ ಬರುವುದಿಲ್ಲ.

ಇಲ್ಲಿ ಒಂದು ಮಾತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಇದ್ದದ್ದು ಮುಖವಾಡದ ಕೂಟ. ಟಿಕೆಟ್ ಕೊಂಡರೆ ಯಾರು ಬೇಕಾದರೂ ಬರಬಹುದಿತ್ತು. ಮುಖವಾಡದ ಹಿಂದೆ ದೊರೆ ಯಾರು, ದರ್ಜಿ ಯಾರು ಅಂತ ಗೊತ್ತಾಗುತ್ತಿರಲಿಲ್ಲ. ಮೇಲಿನವರಿಗೆ ಅದರ ಭಯ ಇತ್ತು. ಸ್ವೀಡನ್ನಿನ ದೊರೆ ಮೂರನೇ ಗುಸ್ತಾವನಿಗೆ 1792ರಲ್ಲಿ ಮುಖವಾಡದ ಕೂಟದಲ್ಲೇ ಗುಂಡು ಹೊಡೆದರು. ವಿಕ್ಟೋರಿಯಾ ಕಾಲಕ್ಕೆ ಬರುವಾಗ ಮುಖವಾಡ ಕಳಚಿತ್ತು, ವೇಷ ಉಳಿದಿತ್ತು. ನೀವು ಕ್ಲಿಯೋಪಾತ್ರ ಆಗಿ, ಆದರೆ ನೀವು ಯಾರ ಮನೆಯ ಹೆಂಗಸು ಅಂತ ಎಲ್ಲರಿಗೂ ಕಾಣುತ್ತಿರಬೇಕು.

1845ರ ಜೂನ್‌ನಲ್ಲಿ ಅರಮನೆಯಲ್ಲಿ ಎರಡನೇ ಕೂಟ. ತಲೆಗೆ ಪುಡಿ ಹಚ್ಚಿಕೊಂಡು, 1740ರಿಂದ 1750ರ ನಡುವಿನ ಉಡುಪಿನಲ್ಲಿ ಬರಬೇಕು. ಆ ಹತ್ತು ವರ್ಷದ ನಡುವೆಯೇ 1745ರ ಜಾಕೋಬೈಟ್ ದಂಗೆ ಇದೆ, ಪಟ್ಟ ಕಳೆದುಕೊಂಡ ಸ್ಟುವರ್ಟ್ ರಾಜಮನೆತನದ ಪರವಾಗಿ ಎದ್ದದ್ದು. ದಂಗೆ ಅಡಗಿಸಿದ ಮೇಲೆ ಸ್ಕಾಟ್ಲೆಂಡಿನ ಗುಡ್ಡಗಾಡಿನ ಗಂಡಸರು ತಮ್ಮ ಉಡುಪು ತೊಡುವುದೇ ಅಪರಾಧ ಅಂತ ಕಾನೂನು ಬಂತು. 1782ರ ತನಕ ಅದು ಇತ್ತು. ನೂರು ವರ್ಷ ಕಳೆದ ಮೇಲೆ ಅದೇ ಉಡುಪನ್ನು, ನೆರಿಗೆಯ ಕಿಲ್ಟನ್ನು, ವಿಕ್ಟೋರಿಯಾ ತನ್ನ ಗಂಡುಮಕ್ಕಳಿಗೆ ತೊಡಿಸಿದಳು. ದಂಗೆ ಏಳುವ ಶಕ್ತಿ ಹೋದ ಮೇಲೆ ಆ ಬಟ್ಟೆ ಚಂದ ಕಾಣತೊಡಗಿತು.

1851ರ ಜೂನ್ 13ರ ಮೂರನೇ ಕೂಟದ ಉಡುಪು ಇವತ್ತಿಗೂ ಉಳಿದಿದೆ. ಅದರ ಚಿತ್ರಗಳ ಮುಂದೆ ನಾನು ತುಂಬಾ ಹೊತ್ತು ಕೂತಿದ್ದೇನೆ. ಈ ಸಲದ ಕಾಲ ಎರಡನೇ ಚಾರ್ಲ್ಸ್ ದೊರೆಯದು. ಅಂದರೆ ರಾಜನ ತಲೆ ಕಡಿದು, ರಾಜನೇ ಇಲ್ಲದ ದೇಶವಾಗಿ, ಮತ್ತೆ 1660ರಲ್ಲಿ ರಾಜನನ್ನು ಕರೆತಂದ ಕಾಲ. 1851ಕ್ಕೆ ಮೂರು ವರ್ಷ ಹಿಂದೆ, 1848ರಲ್ಲಿ, ಯುರೋಪಿನ ತುಂಬ ಕ್ರಾಂತಿ. ಫ್ರಾನ್ಸಿನ ದೊರೆ ಲೂಯಿ ಫಿಲಿಪ್ ಓಡಿಬಂದು ಇಂಗ್ಲೆಂಡಿನಲ್ಲಿ ಆಶ್ರಯ ಪಡೆದ. ಏಪ್ರಿಲ್‌ನಲ್ಲಿ ಲಂಡನ್ನಿನ ಕೆನ್ನಿಂಗ್ಟನ್ ಬಯಲಿನಲ್ಲಿ ಚಾರ್ಟಿಸ್ಟರು ಸೇರುತ್ತಾರೆ ಅಂತ ಗೊತ್ತಾದಾಗ ರಾಣಿಯ ಕುಟುಂಬವನ್ನು ವೈಟ್ ದ್ವೀಪಕ್ಕೆ ಕಳಿಸಿದರು. ಏನೂ ಆಗಲಿಲ್ಲ. ಆದರೆ ಆ ಭಯ ನಿಜ. ಆಮೇಲೆ ಆರಿಸಿಕೊಂಡ ಕಾಲ, ದೊರೆತನ ಮರಳಿ ಬಂದ ಕಾಲ. ಉಡುಪಿನ ವಿನ್ಯಾಸ ಮಾಡಿದವನು ಯೂಜೀನ್ ಲಾಮಿ. ಅವನೂ ಲೂಯಿ ಫಿಲಿಪನ ಆಸ್ಥಾನದ ಚಿತ್ರಕಾರ, ಅದೇ ಕ್ರಾಂತಿಯಿಂದಾಗಿ ಲಂಡನ್ನಿಗೆ ಬಂದು ಸೇರಿದವನು.

ಬೂದುಬಣ್ಣದ ಅಲೆಅಲೆ ಹೊಳಪಿನ ರೇಷ್ಮೆ. ಮುಂಭಾಗ ತೆರೆದಿದೆ. ಆ ತೆರವಿನಲ್ಲಿ ಒಳಲಂಗ ಕಾಣುತ್ತೆ. ಬಂಗಾರದ ಜರಿ. ಅದು ಬನಾರಸಿನದು.

ನನಗೆ ಅದು ಓದುವ ಮೊದಲೇ ಗೊತ್ತಾಯಿತು ಅಂದರೆ ಜಾಸ್ತಿ ಹೇಳಿದ ಹಾಗಾಗುತ್ತೆ. ಆದರೆ ಕಣ್ಣಿಗೆ ಪರಿಚಯ ಅನಿಸಿತ್ತು. ನಮ್ಮ ಮನೆಯ ಮದುವೆ ಸೀರೆಗಳ ಪೆಟ್ಟಿಗೆಯಲ್ಲಿ ಅಂಥ ಜರಿ ಇದೆ. ಇಂಗ್ಲೆಂಡಿನ ಚರಿತ್ರೆಯ ವೇಷ, ಫ್ರೆಂಚ್ ಕಲಾವಿದನ ಗೆರೆ, ಬನಾರಸಿನ ನೇಕಾರರ ಕೈ. ಅದೇ ವರ್ಷ ಮೇ 1ರಂದು ಹೈಡ್ ಪಾರ್ಕಿನಲ್ಲಿ ಜಗತ್ತಿನ ಸರಕುಗಳ ದೊಡ್ಡ ಪ್ರದರ್ಶನ ಶುರುವಾಗಿತ್ತು. ಅಲ್ಲಿ ಹಿಂದೂಸ್ತಾನದ ಬಟ್ಟೆ, ಒಡವೆ, ಆಯುಧಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ಹೊರಗೆ ಸಾಮ್ರಾಜ್ಯದ ಅಂಗಡಿ, ಒಳಗೆ ಅದರ ಒಂದು ತುಂಡು ರಾಣಿಯ ಮಂಡಿಯ ಮೇಲೆ.

ಮಧ್ಯಮ ವರ್ಗದವರೂ ಇದನ್ನೆಲ್ಲ ನೋಡಿ ಕಲಿತರು. ಕ್ಯಾಲಿಕೋ ಕೂಟ ಅಂತ ನಡೆಸುತ್ತಿದ್ದರು. ಅಗ್ಗದ ಹತ್ತಿ ಬಟ್ಟೆಯಲ್ಲಿ ವೇಷ ಹೊಲಿಸಿಕೊಂಡು, ಮುಗಿದ ಮೇಲೆ ಬಡವರಿಗೆ ಕೊಡುವುದು. 1879ರಲ್ಲಿ ಆರ್ಡರ್ನ್ ಹೋಲ್ಟ್ ಬರೆದ ವೇಷಗಳ ಕೈಪಿಡಿ ಬಂತು. ಯಾವ ವೇಷಕ್ಕೆ ಯಾವ ಬಣ್ಣ, ಯಾವ ಬಟ್ಟೆ ಅಂತ ಅಕ್ಷರದ ಸಾಲಿನಲ್ಲಿ. ಮರುಮುದ್ರಣ ಆಗುತ್ತಲೇ ಹೋಯಿತು. ಸ್ಕಾಟರ ರಾಣಿ ಮೇರಿ, ಮರಿ ಆಂಟೊನೆಟ್, ಇಬ್ಬರೂ ಎಲ್ಲರ ಅಚ್ಚುಮೆಚ್ಚು. ಇಬ್ಬರ ತಲೆಯೂ ಉರುಳಿತ್ತು.

ತಲೆ ಉರುಳಿದ, ಸೋತ ರಾಣಿಯರ ಮೇಲೆ ಯಾಕೆ ಅಷ್ಟು ಪ್ರೀತಿ? 1897ರ ಜುಲೈ 2ರಂದು ಡೆವನ್‌ಶೈರ್ ಹೌಸಿನಲ್ಲಿ ನಡೆದ ಕೂಟ ನೋಡಿ. ವಿಕ್ಟೋರಿಯಾ ಪಟ್ಟಕ್ಕೆ ಬಂದು 60 ವರ್ಷ ಆದ ಸಂಭ್ರಮ. ಸುಮಾರು 700 ಅತಿಥಿಗಳು. ತೋಟದಲ್ಲಿ ಡೇರೆ ಹಾಕಿ ಲಫಾಯೆಟ್ ಸ್ಟುಡಿಯೊದವರು ಫೋಟೊ ತೆಗೆದರು. ಮನೆಯೊಡತಿ ಡಚೆಸ್ ಲೂಯಿಸ್, ಪ್ಯಾರಿಸ್ಸಿನ ವರ್ತ್ ಹೊಲಿಗೆಮನೆಯ ಉಡುಪಿನಲ್ಲಿ, ಈಗಿನ ಸಿರಿಯಾದಲ್ಲಿರುವ ಪಾಲ್ಮೈರಾದ ರಾಣಿ ಝೆನೋಬಿಯಾ. ರೋಮ್ ಸಾಮ್ರಾಜ್ಯದ ವಿರುದ್ಧ ಎದ್ದು ಸೋತವಳು. ಕ್ಲಿಯೋಪಾತ್ರ ಒಬ್ಬಳಿಗಿಂತ ಹೆಚ್ಚು ಇದ್ದರು. ಅವಳೂ ರೋಮಿಗೆ ಸೋತವಳು. ತಮ್ಮನ್ನು ಹೊಸ ರೋಮ್ ಅಂದುಕೊಂಡಿದ್ದ ಜನ, ರೋಮಿನ ಶತ್ರುಗಳ ಬಟ್ಟೆ ತೊಟ್ಟು ಕುಣಿದರು. 1858ರಲ್ಲಿ ತಮ್ಮದೇ ಸೈನ್ಯದ ಎದುರು ಬಿದ್ದ ಝಾನ್ಸಿಯ ರಾಣಿಯನ್ನು ನಾನು ಆ ಫೋಟೊಗಳಲ್ಲಿ ನೋಡಿಲ್ಲ. ಅವಳು ಸತ್ತು ಇನ್ನೂ 39 ವರ್ಷ. ಝೆನೋಬಿಯಾ ಸತ್ತು ಸಾವಿರದ ಆರುನೂರು ವರ್ಷ.

ಆ ಕೂಟಕ್ಕೆ ಹತ್ತು ದಿನ ಹಿಂದೆ, ಜೂನ್ 22ರ ರಾತ್ರಿ, ಅದೇ 60 ವರ್ಷದ ಸಂಭ್ರಮ ಮುಗಿಸಿ ಬರುತ್ತಿದ್ದ ಅಧಿಕಾರಿ ರ್‍ಯಾಂಡ್‌ಗೆ ಪುಣೆಯಲ್ಲಿ ಚಾಪೇಕರ್ ಸಹೋದರರು ಗುಂಡು ಹೊಡೆದರು. ಪ್ಲೇಗಿನ ಹೆಸರಿನಲ್ಲಿ ಮನೆಮನೆಗೆ ನುಗ್ಗಿಸಿದವನು ಅವನು. ದೇಶದಲ್ಲಿ ಆಗ ಬರಗಾಲವೂ ಇತ್ತು.

ನನ್ನ ತಂಗಿಯ ಮಗಳಿಗೆ ಹೋದ ವರ್ಷ ಶಾಲೆಯ ಛದ್ಮವೇಷಕ್ಕೆ ನಾನೇ ಹೊಲಿದುಕೊಟ್ಟೆ. ಕಿತ್ತೂರು ಚೆನ್ನಮ್ಮ. ರಟ್ಟಿನ ಕತ್ತಿಗೆ ಬೆಳ್ಳಿ ಹಾಳೆ ಅಂಟಿಸುವಾಗ ಮಗು ಕೇಳಿತು, ಚೆನ್ನಮ್ಮ ಗೆದ್ದಳಾ ಅಂತ. 1824ರ ಅಕ್ಟೋಬರಿನಲ್ಲಿ ಗೆದ್ದಳು, ಡಿಸೆಂಬರಿನಲ್ಲಿ ಸೋತಳು, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು ಅಂದೆ. ಹಾಗಾದರೆ ನಾನು ಅಕ್ಟೋಬರಿನ ಚೆನ್ನಮ್ಮ ಅಂತು. ಮಗು ತನಗೆ ಬೇಕಾದ ತಿಂಗಳನ್ನು ಆರಿಸಿಕೊಂಡಿತು.

ಎಲ್ಲರಿಗೂ ಆ ಆಯ್ಕೆ ಇರಲಿಲ್ಲ. ನಾನು ಬರೆಯಲು ಕೂತದ್ದೇ ಇವಳಿಗಾಗಿ. ಕೊಡಗಿನ ಕೊನೆಯ ದೊರೆ ಚಿಕ್ಕವೀರರಾಜೇಂದ್ರನ ರಾಜ್ಯವನ್ನು ಕಂಪನಿ 1834ರಲ್ಲಿ ಕಿತ್ತುಕೊಂಡಿತು. ಅವನನ್ನು ಬನಾರಸಿಗೆ ಕಳಿಸಿತು. ಮಗಳು ಗೌರಮ್ಮ ಅಲ್ಲೇ ಹುಟ್ಟಿದಳು, 1841ರಲ್ಲಿ. 1852ರಲ್ಲಿ, ಬನಾರಸಿನ ಜರಿಯ ಲಂಗ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಕುಣಿದ ಮರುವರ್ಷ, ಬನಾರಸಿನಿಂದ ಬಂದ ಈ ಹುಡುಗಿ ಅದೇ ಅರಮನೆಗೆ ಬಂದಳು. ಅಪ್ಪನಿಗೆ ಕಳೆದುಹೋದ ಹಣ ವಾಪಸ್ ಬೇಕಿತ್ತು. ಮಗಳನ್ನು ಕ್ರೈಸ್ತಳನ್ನಾಗಿ ಮಾಡಿದರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರು ಕೊಟ್ಟಳು. ವಿಕ್ಟೋರಿಯಾ ಗೌರಮ್ಮ.

ಅದೇ ವರ್ಷ ರಾಜಮನೆತನಗಳ ಚಿತ್ರಕಾರ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಭಾರತೀಯ ಉಡುಪು, ಒಡವೆ, ಕೈಯಲ್ಲಿ ಬೈಬಲ್. ದಿನನಿತ್ಯ ಇಂಗ್ಲಿಷ್ ಹುಡುಗಿಯ ಹಾಗೆ ಬೆಳೆಯಬೇಕು, ಚಿತ್ರಕ್ಕೆ ನಿಂತಾಗ ಮಾತ್ರ ರಾಜಕುಮಾರಿ. ಎರಡು ವರ್ಷದ ಮೇಲೆ, 1854ರಲ್ಲಿ, ಅವನೇ ಪಂಜಾಬಿನ ದುಲೀಪ್ ಸಿಂಗನ ಚಿತ್ರ ಬರೆದ. ರಾಜ್ಯ ಹೋದಾಗ ಆ ಹುಡುಗನಿಗೆ ಹತ್ತು ವರ್ಷ. ಅದೇ 1854ರಲ್ಲಿ ಆಸ್ಬರ್ನ್ ಮನೆಯಲ್ಲಿ ರಾಣಿಯ ಮಕ್ಕಳಾದ ಆಲ್ಫ್ರೆಡ್ ಮತ್ತು ಆರ್ಥರ್ ಸಿಖ್ ರಾಜಕುಮಾರರ ಉಡುಪು ತೊಟ್ಟು ಫೋಟೊ ತೆಗೆಸಿಕೊಂಡರು. ಆ ಮಕ್ಕಳು ಸಂಜೆ ಅದನ್ನು ಬಿಚ್ಚಿಟ್ಟು ತಮ್ಮ ಬಟ್ಟೆಗೆ ಮರಳಿದರು.

ಗೌರಮ್ಮ 1864ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. 23ರ ಹತ್ತಿರದ ವಯಸ್ಸು. ಬ್ರಾಂಪ್ಟನ್ ಸ್ಮಶಾನದಲ್ಲಿ ಮಣ್ಣು ಮಾಡಿದರು.

ಅವಳ ಚಿತ್ರವನ್ನೂ ನಾನು ದೊಡ್ಡದು ಮಾಡಿ ನೋಡಿದೆ. ಕೊಡಗಿನಲ್ಲಿ ಸೀರೆಯ ನೆರಿಗೆಯನ್ನು ಹಿಂದಕ್ಕೆ ಕಟ್ಟುತ್ತಾರೆ. ಅಲ್ಲಿಯ ಹೆಂಗಸರನ್ನು ಗುರುತು ಹಿಡಿಯುವುದೇ ಆ ನೆರಿಗೆಯಿಂದ. ಚಿತ್ರದಲ್ಲಿ ಬೆನ್ನು ಕಾಣುವುದಿಲ್ಲ.